ಬಿಸಿಲೂರಿನ ಹಿಮಗಾಡಿ

ಹಿಮವೇ ಬೀಳದ ಊರಿನಲ್ಲಿ ಹಿಮದ ಮೇಲೆ ಓಡುವ ಗಾಡಿಯೊಂದನ್ನು ಮನೆಯಲ್ಲಿಟ್ಟುಕೊಂಡವನ ಬುದ್ಧಿಯ ಬಗ್ಗೆ ನೀವು ಏನೇ ಅಂದುಕೊಂಡರೂ ನನಗೆ ಬೇಸರವಿಲ್ಲ. ನನ್ನ ಹೆಂಡತಿ ವೈಜಯಂತಿ ಅದಕ್ಕಿಂತ ಖಾರವಾಗಿ, ಅದೂ ಧಾರವಾಡದ ಕನ್ನಡದಲ್ಲಿ, ಅನ್ನುವುದನ್ನೆಲ್ಲ ಈಗಾಗಲೇ ಅಂದು ಮುಗಿಸಿದ್ದಾಳೆ. ನಾವಿರುವುದು ಗೋಲ್ಡನ್ ಗೇಟ್ ಸೇತುವೆಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಡ್ಯಾನ್‌ವಿಲ್‌ನಲ್ಲಿ. ಇಲ್ಲಿ ಚಳಿಗಾಲವೆಂದರೆ ಬೆಳಿಗ್ಗೆ ಒಂದು ಸ್ವೆಟರು ಹಾಕಿಕೊಳ್ಳುವುದು, ಮಧ್ಯಾಹ್ನ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವುದು. ಬೇಸಿಗೆಯಲ್ಲಂತೂ ಸುತ್ತಲಿನ ಗುಡ್ಡಗಳು ಹುರಿದ ರವೆಯ ಬಣ್ಣಕ್ಕೆ ತಿರುಗಿ, ಯಾರಾದರೂ ನೀರು ಹಾಕಿದರೆ ಉಪ್ಪಿಟ್ಟಾಗಲು ಕಾಯುತ್ತಿರುವಂತೆ ಕಾಣುತ್ತವೆ. ಇಂಥ ಊರಿನ ನಮ್ಮ ಗರಾಜಿನಲ್ಲಿ, ವಾಷಿಂಗ್ ಮಷೀನಿನ ಪಕ್ಕದಲ್ಲಿ, ಒಂದು ಹಳೆಯ ಸ್ನೋಮೊಬೈಲು ನಿಂತಿತ್ತು. ನೋಡದವರಿಗಾಗಿ ಹೇಳುತ್ತೇನೆ: ಮುಂದೆ ಚಕ್ರದ ಬದಲು ಎರಡು ಸ್ಕೀ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ಅಗಲವಾದ ರಬ್ಬರ್ ಪಟ್ಟಿ, ನಡುವೆ ಇಬ್ಬರು ಕೂರುವ ಸೀಟು, ಹಿಡಿಯಲು ಸ್ಕೂಟರಿನಂಥ ಹ್ಯಾಂಡಲ್ಲು. ಸ್ಕೂಟರಿಗೂ ದೋಣಿಗೂ ಮದುವೆಯಾಗಿ, ಮಗು ಇಬ್ಬರನ್ನೂ ಹೋಲದೆ ಹುಟ್ಟಿದ ಹಾಗೆ.

ಅದು ನನ್ನದಲ್ಲ ಎಂದು ಹೇಳಿಕೊಳ್ಳಲು ನನಗೆ ಯಾವಾಗಲೂ ಆತುರ. ಅದು ನನ್ನ ಗೆಳೆಯ ಸುರೇಶನದು. ಅವನು ಗಿಲ್‌ರಾಯ್‌ನಲ್ಲಿ ಸುತ್ತ ಬೆಳೆಯುವ ಬೆಳ್ಳುಳ್ಳಿಯ ವಾಸನೆಯ ನಡುವೆ ದೊಡ್ಡ ಮನೆ ಮಾಡಿಕೊಂಡು, ಅದು ಸಾಲದೆಂದು ಮೇಲೆ ಹಿಮ ಬೀಳುವ ಸಿಯೆರಾ ಬೆಟ್ಟಗಳಲ್ಲೊಂದು ಸಣ್ಣ ಮರದ ಮನೆ ಕೊಂಡಿದ್ದ. ಆ ಮನೆಯ ಹಿಂದಿನ ಮಾಲೀಕ ಬಿಟ್ಟುಹೋದ ವಸ್ತುಗಳೆಂದರೆ ಒಂದು ಜಿಂಕೆಯ ಕೊಂಬು, ಒಂದು ತುಕ್ಕು ಹಿಡಿದ ಒಲೆ, ಮತ್ತು ಈ ಗಾಡಿ. ಕೊಂಬನ್ನು ಗೋಡೆಯಲ್ಲೇ ಬಿಟ್ಟ, ಒಲೆಯನ್ನು ಎಸೆದ, ಗಾಡಿಯನ್ನು ಟ್ರೇಲರಿನ ಮೇಲೆ ಹಾಕಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿದ. "ಸ್ಟಾರ್ಟ್ ಆಗ್ತಿಲ್ಲ ಕಣೋ. ನಿನಗೆ ಇದೆಲ್ಲ ಇಂಟರೆಸ್ಟ್ ಅಲ್ವಾ, ನೋಡು" ಎಂದ. ನನಗೆ ಇಂಟರೆಸ್ಟು ಇದೆಯೆಂದು ಅವನಿಗೆ ಹೇಳಿದವರು ಯಾರು ಎಂದು ಬಹಳ ಯೋಚಿಸಿದೆ. ಅವನ ಮನೆಯ ಹಿತ್ತಲಿನಲ್ಲಿ ಒಮ್ಮೆ ಊಟದ ತಟ್ಟೆ ಹಿಡಿದುಕೊಂಡು, "ಎಲ್ಲ ಮೆಷೀನೂ ಕೊನೆಗೆ ಒಂದೇ, ಲಾಜಿಕ್ ಗೊತ್ತಿದ್ರೆ ಸಾಕು" ಎಂದು ನಾನೇ ಹೇಳಿದ್ದೆನಂತೆ. ಹೊಟ್ಟೆ ತುಂಬಿದಾಗ ಮನುಷ್ಯ ಆಡುವ ಮಾತನ್ನು ನೆನಪಿಟ್ಟುಕೊಳ್ಳುವ ಗೆಳೆಯರು ಇರಬಾರದು.

ನನ್ನ ಉದ್ಯೋಗದ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ಮೌಂಟನ್ ವ್ಯೂನಲ್ಲಿರುವ ಒಂದು ದೊಡ್ಡ ಕಂಪನಿಯಲ್ಲಿ, ಎಲ್ಲೋ ಒಂದು ಸರ್ವರು ನಿಂತುಹೋದರೆ ಅದೇಕೆ ನಿಂತಿತು ಎಂದು ಹುಡುಕುವ ತಂಡ ನನ್ನದು. ನಮ್ಮ ಮದುವೆಯ ಮಾತುಕತೆಯ ದಿನ ಭಾವೀ ಮಾವನವರು ನನ್ನ ಕೆಲಸವೇನೆಂದು ಕೇಳಿದ್ದರು. ಅವರು ಆಗ ಜಿಲ್ಲಾ ನ್ಯಾಯಾಧೀಶರು. ನಾನು ಮೈಸೂರಿನ ಕನ್ನಡದಲ್ಲಿ, ನಡುನಡುವೆ ಇಂಗ್ಲಿಷು ಬೆರೆಸಿ, ಕಾಫಿ ಆರುವಷ್ಟು ಹೊತ್ತು ವಿವರಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಅಂದ್ರ ರಿಪೇರಿ ಕೆಲಸ" ಎಂದರು. ನಾನು ಆರಿದ ಕಾಫಿ ಎತ್ತಿಕೊಳ್ಳುತ್ತಿರುವಾಗ, "ಚಲೋ ಆತು. ಜಗತ್ತಿನಾಗ ಕೆಡೋದು ಏನೂ ನಿಲ್ಲೂದಿಲ್ಲ" ಎಂದು ಸೇರಿಸಿದರು. ಹುಡುಗಿಯನ್ನು ಕೊಟ್ಟರು. ಅಲ್ಲಿಂದ ಈಚೆಗೆ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಒಟ್ಟು ಮಾಡಿದರೆ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುತ್ತಿತ್ತು. "ಊಟ ಆಯ್ತಾ ಮಾವ?" "ಆತ್ರಿ. ನಿಮ್ದು?" ಇಷ್ಟೇ. ಜಗಳವಿಲ್ಲ, ಮುನಿಸಿಲ್ಲ, ಇಬ್ಬರಿಗೂ ಮುಂದಿನ ವಾಕ್ಯ ಗೊತ್ತಿರಲಿಲ್ಲ.

ಕಳೆದ ಚಳಿಗಾಲ ಮಾವನವರು ನಮ್ಮಲ್ಲಿಗೆ ಒಬ್ಬರೇ ಬಂದರು. ಅತ್ತೆಯವರು ಪುಣೆಯಲ್ಲಿ ಎರಡನೆಯ ಮಗಳ ಬಾಣಂತನದಲ್ಲಿದ್ದರು. ಅವರಿದ್ದರೆ ಮನೆಯಲ್ಲಿ ಮಾತಿಗೆ ಬರವಿಲ್ಲ, ಮಾವನವರ ಮೌನವೂ ಎದ್ದು ಕಾಣುವುದಿಲ್ಲ. ಈ ಸಲ ಮೌನ ಪೂರ್ತಿಯಾಗಿ ನಮ್ಮ ಪಾಲಿಗೇ ಬಂತು. ಮಾವನವರು ಏನನ್ನೂ ಬೇಡದ ಮನುಷ್ಯ. ಗೋಲ್ಡನ್ ಗೇಟ್ ಸೇತುವೆಗೆ ಕರೆದುಕೊಂಡು ಹೋದರೆ ಕಾರಿನ ಕಿಟಕಿಯಿಂದಲೇ ನೋಡಿ, "ಕಂಡಿತು. ಇಳಿಯೂದು ಯಾಕ?" ಎನ್ನುತ್ತಾರೆ. ವೈಜಯಂತಿ ದಿನಾ ಬೆಳಿಗ್ಗೆ, "ಅಪ್ಪಾ, ಎಲ್ಲಿಗರೆ ಹೋಗೂಣೇನು? ಏನರೆ ನೋಡೂದದ ಏನು?" ಎಂದು ಕೇಳುವುದು, ಅವರು "ಏನೂ ಬ್ಯಾಡವಾ" ಎನ್ನುವುದು ಸಂಧ್ಯಾವಂದನೆಯಷ್ಟೇ ನಿಯಮದಿಂದ ನಡೆಯುತ್ತಿತ್ತು. ಆದ್ದರಿಂದ ಒಂದು ಶನಿವಾರ ಅವಳು ಎಂದಿನಂತೆ ಕೇಳಿ, ಉತ್ತರಕ್ಕೂ ಕಾಯದೆ ಒಗೆದ ಬಟ್ಟೆ ತರಲು ಗರಾಜಿಗೆ ಹೊರಟಾಗ, ಮಾವನವರು ಅವಳ ಹಿಂದೆಯೇ ಎದ್ದು ಬಂದು, ಬಟ್ಟೆಯ ಬುಟ್ಟಿ ಕುಳಿತಿದ್ದ ಆ ಗಾಡಿಯತ್ತ ಬೆರಳು ತೋರಿಸಿ, "ಇದರ ಮ್ಯಾಲೆ ಕೂತು ಒಮ್ಮೆ ಹಿಮದಾಗ ಹೋಗಬೇಕು ಅನಸ್ತದ" ಎಂದಾಗ, ಮನೆಗೆ ಮನೆಯೇ ಗರಾಜಿನ ಬಾಗಿಲಿಗೆ ಬಂದು ನಿಂತಿತು. ಹೈಸ್ಕೂಲಿನಲ್ಲಿರುವ ನಮ್ಮ ಮಗಳು ಮಾನಸಿ ಕಿವಿಯಿಂದ ಇಯರ್‌ಫೋನು ತೆಗೆದು, "ಅಜ್ಜಾ, ಆರ್ ಯೂ ಶೂರ್?" ಎಂದಳು. ಅಜ್ಜ ತಲೆಯಾಡಿಸಿದರು. ವೈಜಯಂತಿ ಬುಟ್ಟಿಯನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟು ನನ್ನನ್ನು ನೋಡಿದಳು. ಆ ನೋಟದಲ್ಲಿ, ಅಪ್ಪ ಈ ದೇಶಕ್ಕೆ ಬಂದು ಹೋಗಲು ಶುರುಮಾಡಿದ ಮೇಲೆ ಇದು ಅವರ ಮೊದಲನೆಯ ಬೇಡಿಕೆ, ಮತ್ತು ಅದು ಸೀದಾ ನನ್ನ ಮೇಜಿಗೆ ಬಂದಿದೆ ಎಂಬುದು ಸ್ಪಷ್ಟವಾಗಿತ್ತು.

ಈ ಗಾಡಿಗೆ ಸ್ವಿಚ್ಚು ಒತ್ತಿ ಚಾಲೂ ಮಾಡುವ ಸೌಲಭ್ಯವಿಲ್ಲ. ಕೀ ತಿರುಗಿಸಿ, ಒಂದು ಹಗ್ಗದ ಹಿಡಿಯನ್ನು ಜೋರಾಗಿ ಎಳೆಯಬೇಕು. ನಾನು ಎಳೆದೆ. ಅದು ಒಳಗೆಲ್ಲೋ "ಹುಪ್" ಎಂದು ಸುಮ್ಮನಾಯಿತು. ಮತ್ತೆ ಎಳೆದೆ. ಮತ್ತೆ ಹುಪ್. ಹತ್ತಾರು ಸಲ ಎಳೆದ ಮೇಲೆ ನನ್ನ ಭುಜದಲ್ಲಿ, ಇಷ್ಟು ವರ್ಷ ತಾನೊಂದು ಇದ್ದೇನೆಂದು ತೋರಿಸಿಕೊಳ್ಳದಿದ್ದ ಒಂದು ನರ ತನ್ನ ಪರಿಚಯ ಮಾಡಿಕೊಂಡಿತು. ಸುರೇಶನಿಗೆ ಫೋನು ಮಾಡಿದರೆ, "ಚೋಕ್ ಎಳೆದ್ಯಾ?" ಎಂದ. ಚೋಕ್ ಎಲ್ಲಿದೆ ಎಂದು ಕೇಳಿದರೆ, "ಅಲ್ಲೇ ಎಲ್ಲೋ ಇರುತ್ತೆ ನೋಡು" ಎಂದ. ಆಮೇಲೆ ನಾನು ಇಂಟರ್ನೆಟ್ಟಿಗೆ ಶರಣಾದೆ. ಅಲ್ಲಿ ಗಡ್ಡ ಬಿಟ್ಟ, ಹಿಮದಲ್ಲೇ ಹುಟ್ಟಿದಂತಿರುವ ಗಂಡಸರು ತಮ್ಮ ತಮ್ಮ ಕೊಟ್ಟಿಗೆಗಳಲ್ಲಿ ನಿಂತು ಒಂದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದರು: ಇಂಜಿನ್ನಿಗೆ ಗಾಳಿ ಬೇಕು, ಪೆಟ್ರೋಲು ಬೇಕು, ಕಿಡಿ ಬೇಕು, ಇವೆಲ್ಲವನ್ನೂ ಒತ್ತಿ ಹಿಡಿಯುವ ಬಿಗಿ ಬೇಕು, ಇಷ್ಟಿದ್ದರೆ ಅದು ಓಡಲೇಬೇಕು. ಕೇಳಲು ಉಪನಿಷತ್ತಿನ ಹಾಗಿತ್ತು. ಓಡಲೇಬೇಕು ಎಂಬುದನ್ನು ಗಾಡಿಗೆ ಯಾರೂ ಹೇಳಿರಲಿಲ್ಲ.

ಮಾವನವರು ಗರಾಜಿನಲ್ಲಿ ಒಂದು ಮಡಿಚುವ ಕುರ್ಚಿ ಹಾಕಿಸಿಕೊಂಡು, ಮಂಕಿ ಕ್ಯಾಪ್ ಧರಿಸಿ ಕುಳಿತುಕೊಳ್ಳತೊಡಗಿದರು. ಅವರಿಗೆ ಯಂತ್ರಗಳ ಬಗ್ಗೆ ಏನೂ ಗೊತ್ತಿಲ್ಲ. ಅದನ್ನು ಅವರು ಮೊದಲ ದಿನವೇ ಹೇಳಿಬಿಟ್ಟರು. "ನನಗ ಇದರಾಗ ಏನೂ ತಿಳಿಯೂದಿಲ್ಲ. ನೀವು ಮಾಡ್ರಿ, ನಾ ನೋಡ್ತೀನಿ" ಎಂದರು. ಜೀವಮಾನವೆಲ್ಲ ಎತ್ತರದ ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರು ತಡವರಿಸುವುದನ್ನು ನೋಡಿದವರು ನೋಡುತ್ತೇನೆ ಎಂದರೆ ಅದು ಸಾಮಾನ್ಯ ನೋಟವಲ್ಲ. ನಾನು ಟ್ಯಾಂಕಿನ ಮುಚ್ಚಳ ತೆಗೆದಾಗ ಅವರೂ ಬಗ್ಗಿ ಮೂಸಿ, "ಇದು ಪೆಟ್ರೋಲ್ ಅಂತೀರೇನು? ವಾರ್ನಿಶ್ ನಾತ ಬರ್ತದ" ಎಂದರು. ಅದು ನಿಜವಾಗಿತ್ತು. ವರ್ಷಗಟ್ಟಲೆ ನಿಂತ ಪೆಟ್ರೋಲು ಹಳಸಿ ಅಂಟಾಗಿತ್ತು. ಅದನ್ನೆಲ್ಲ ತೆಗೆದೆ. ಗಾಳಿ ಒಳಗೆ ಹೋಗುವ ಡಬ್ಬವನ್ನು ಬಿಚ್ಚಿದರೆ, ಅದರ ತುಂಬ ನಮ್ಮ ಓಕ್ ಮರದ ಕಾಯಿಗಳು, ಚಿಂದಿ ಬಟ್ಟೆ, ಮತ್ತು ವೈಜಯಂತಿ ಮೂರು ತಿಂಗಳಿಂದ ಹುಡುಕುತ್ತಿದ್ದ ಉಣ್ಣೆಯ ಕಾಲುಚೀಲದ ಅರ್ಧ. ಇಲಿಯೊಂದು ಅಲ್ಲಿ ಸಂಸಾರ ಹೂಡಿತ್ತು. ನಾನು ಎಲ್ಲವನ್ನೂ ಕೆದಕಿ ಹೊರಗೆಳೆಯುತ್ತಿದ್ದಾಗ ಮಾವನವರು, "ಮರಿ ಅವ ಏನು ನೋಡ್ರಿ ಮೊದಲ" ಎಂದರು. ಮರಿಗಳಿರಲಿಲ್ಲ. "ಹಂಗಿದ್ರ ಬಿಡಸ್ರಿ" ಎಂದು ಅಪ್ಪಣೆಯಾಯಿತು.

ಇನ್ನು ಕಾರ್ಬ್ಯುರೇಟರು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಉಣಿಸುವ ಸಣ್ಣ ಲೋಹದ ಹೊಟ್ಟೆಯದು. ಅದರೊಳಗೆ ಜೆಟ್ಟು ಎಂಬ ಸಾಸಿವೆಯಂಥ ಬಿಡಿಭಾಗ, ಆ ಜೆಟ್ಟಿನಲ್ಲಿ ಕೂದಲೆಳೆಯಷ್ಟು ತೂತು. ಆ ತೂತು ಹಳಸಿದ ಪೆಟ್ರೋಲಿನ ಅಂಟಿನಿಂದ ಮುಚ್ಚಿಹೋದರೆ ಅಷ್ಟು ದೊಡ್ಡ ಗಾಡಿ ಉಪವಾಸ. ಗರಾಜಿನಲ್ಲಿ ಬೆಳಕು ಸಾಲದೆಂದು ಎಲ್ಲವನ್ನೂ ಊಟದ ಮೇಜಿಗೆ ತಂದು, ಸಣ್ಣ ಸ್ಕ್ರೂಗಳು ಉರುಳಿಹೋಗದಿರಲೆಂದು ಅಂಚಿರುವ ಒಂದು ದೊಡ್ಡ ಪರಾತದಲ್ಲಿ ಜೋಡಿಸಿಟ್ಟೆ. ಅದು ಹಿಟ್ಟು ನಾದುವ ಪರಾತವೆಂಬುದು ನನಗೆ ತಿಳಿಯದ ವಿಷಯವೇನಲ್ಲ. ಆ ಕ್ಷಣ ಅದು ಮುಖ್ಯವೆನಿಸಲಿಲ್ಲ. ವೈಜಯಂತಿ ಕೆಲಸದಿಂದ ಬಂದು ನೋಡಿದವಳು ಕೂಗಾಡಲಿಲ್ಲ. ಪರಾತದ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ, ಆ ಬೆರಳನ್ನು ಮೂಸಿ, "ಇನ್ನ ಮ್ಯಾಲೆ ನೀವು ಚಪಾತಿ ಎಲ್ಲೆ ತಿಂತೀರಿ ಅಂತ ವಿಚಾರ ಮಾಡಿಟ್ಟುಕೋರಿ" ಎಂದಷ್ಟೇ ಹೇಳಿದಳು. ಮಾವನವರು ಪತ್ರಿಕೆಯ ಹಿಂದಿನಿಂದ, "ಅವರು ಅನ್ನಾ ಉಣ್ಣೋ ಮಂದಿ, ತ್ರಾಸ ಆಗೂದಿಲ್ಲ" ಎಂದರು. ನನ್ನ ಪರವಾಗಿ ಅವರು ಆಡಿದ ಮೊದಲ ಮಾತು ಅದು. ಅದು ನನ್ನ ಪರವಾಗಿಯೇ ಇತ್ತು ಎಂದು ನಾನು ಈಗಲೂ ನಂಬಿದ್ದೇನೆ.

ತೊಳೆದು, ಊದಿ, ತಂತಿಯಿಂದ ಚುಚ್ಚಿ, ಎಲ್ಲವನ್ನೂ ಮತ್ತೆ ಜೋಡಿಸಿದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ನನಗೆ ಅನುಮಾನ ಬಂದದ್ದೇ ಆಗ. ಸರಿ, ಅಷ್ಟು ಮಾಡಿದವನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬಾನೆಟ್ಟಿನ ಕೆಳಗೆ ರಬ್ಬರಿನ ಕೊಳವೆಗಳು ಅಡ್ಡಾದಿಡ್ಡಿಯಾಗಿ ನೇತಾಡುತ್ತಿದ್ದವು. ನನಗೆ ಒಪ್ಪ ಓರಣದ ಚಟ. ಆಫೀಸಿನಲ್ಲಿ ಕೇಬಲ್ಲುಗಳನ್ನು ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳಿರುತ್ತವಲ್ಲ, ಅಂಥವನ್ನು ತಂದು ಎಲ್ಲ ಕೊಳವೆಗಳನ್ನೂ ಜಡೆ ಹಾಕಿದಂತೆ ಬಿಗಿಯಾಗಿ ಕಟ್ಟಿ, ಫೋಟೋ ತೆಗೆದು ಸುರೇಶನಿಗೆ ಕಳಿಸಿದೆ. ಅವನು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದ.

ಗಾಡಿಯನ್ನು ಉರುಳುವ ಹಲಗೆಗಳ ಮೇಲೆ ಕೂರಿಸಿ ಗರಾಜಿನ ಮುಂದಿನ ಡ್ರೈವ್‌ವೇಗೆ ತಳ್ಳಿ, ಹಿಂಭಾಗವನ್ನು ಮರದ ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿ, ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿ, ಹಗ್ಗ ಎಳೆದೆ. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಅದು ಕೆಮ್ಮಿತು, ಸೀನಿತು, ಆಮೇಲೆ ಇಡೀ ಬೀದಿಗೆ ಕೇಳುವಂತೆ ಬಡಬಡಿಸತೊಡಗಿತು. ನೀಲಿ ಹೊಗೆ ಎದ್ದು ನಮ್ಮ ನಿಂಬೆ ಗಿಡ ಕಾಣದಾಯಿತು. ಆ ಹೊಗೆಯ ನಡುವೆ ಮಾವನವರು ಕಣ್ಣು ಮುಚ್ಚಿ ಮೂಗರಳಿಸಿ ನಿಂತಿದ್ದರು. "ನಮ್ಮ ಸ್ಕೂಟರ್ ವಾಸನಿ" ಎಂದರು. ಆಮೇಲೆ, ನಾನು ಕೇಳದೆಯೇ, ಮಾತಾಡಿದರು. ಧಾರವಾಡದಲ್ಲಿ ಮುನ್ಸೀಫರಾಗಿದ್ದಾಗ ಅವರಲ್ಲೊಂದು ಹಳೆಯ ಸ್ಕೂಟರಿತ್ತಂತೆ. ಇಬ್ಬರು ಕೂತರೆ ಏರು ಹತ್ತುತ್ತಿರಲಿಲ್ಲವಂತೆ. "ಏರು ಬಂತು ಅಂದ್ರ ನಿಮ್ಮ ಅತ್ತಿ ಇಳದು, ಕಾಯಿಪಲ್ಲೆ ಚೀಲಾ ಹಿಡಕೊಂಡು ನಡೀತಿದ್ಲು. ನಾ ಗಾಡಿ ಮ್ಯಾಲೆ. ಖರೇ ಹೇಳಬೇಕಂದ್ರ ಅಕೀನ ಮೊದಲ ಮುಟ್ಟತಿದ್ಲು" ಎಂದು ನಕ್ಕರು. ಅವರು ನಗುವಾಗ ಹೆಗಲು ಕುಣಿಯುತ್ತವೆ ಎಂಬುದು ಇಷ್ಟು ವರ್ಷದ ಅಳಿಯನಿಗೆ ಅಂದು ಗೊತ್ತಾಯಿತು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಎರಡು ಸಲ ಮುಗ್ಗರಿಸಿ, ಉಸಿರುಗಟ್ಟಿದಂತೆ ಗೊರಕ್ ಎಂದು ನಿಂತಿತು.

ಮತ್ತೆ ಎಳೆದೆ. ಏಳಲಿಲ್ಲ. ಒಂದಿಷ್ಟು ಹೊತ್ತು ಬಿಟ್ಟು ಎಳೆದರೆ ಎದ್ದಿತು; ಸ್ವಲ್ಪ ಓಡಿ ಮತ್ತೆ ಗೊರಕ್. ಇದೇ ಆಟ ಮರುದಿನ, ಅದರ ಮರುದಿನ, ವಾರಗಟ್ಟಲೆ ನಡೆಯಿತು. ಏಳದೇ ಇರುವ ಗಾಡಿಯನ್ನು ಸಹಿಸಬಹುದು. ಎದ್ದು, ಆಸೆ ಹುಟ್ಟಿಸಿ, ಆಮೇಲೆ ಸಾಯುವ ಗಾಡಿ ಮನುಷ್ಯನ ಚಾರಿತ್ರ್ಯವನ್ನೇ ಕೆಡಿಸುತ್ತದೆ. ನಾನು ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದೆ. ಪೆಟ್ರೋಲ್ ಪಂಪನ್ನು ಬಿಚ್ಚಿ ಅದರ ರಬ್ಬರಿನ ಪೊರೆ ಬದಲಿಸಿದೆ. ಬಿಸಿಯಾದಾಗ ಕಿಡಿ ಸಾಯುತ್ತದೇನೋ ಎಂದು ಕಾಯಿಲನ್ನೂ ಬದಲಿಸಿದೆ. ಎದುರುಮನೆಯ ಡೆಬ್ರಾ ಎಂಬ ಹೆಂಗಸು ದಿನಾ ನಾಯಿ ಕರೆದುಕೊಂಡು ಹೋಗುವಾಗ ನಗುನಗುತ್ತಾ, ಈ ಪ್ರಾಜೆಕ್ಟು ಎಷ್ಟು ಸೊಗಸಾಗಿದೆ, ಇದು ಯಾವಾಗ ಮುಗಿಯಬಹುದು ಎಂದು ಕೇಳುತ್ತಿದ್ದಳು. ಈ ದೇಶದಲ್ಲಿ ಸೊಗಸಾಗಿದೆ ಎಂಬ ಮಾತಿಗೆ ಎಷ್ಟು ಅರ್ಥಗಳಿವೆ ಎಂಬುದನ್ನು ಅವಳ ನಾಯಿಯೂ ಬಲ್ಲದು. ಒಂದು ಸೋಮವಾರ ಆಫೀಸಿನ ವಿಡಿಯೋ ಮೀಟಿಂಗಿಗೆ ಡ್ರೈವ್‌ವೇಯಿಂದ ಓಡಿಬಂದು ಕುಳಿತೆ. ಮೀಟಿಂಗು ಮುಗಿಯುವ ಹೊತ್ತಿಗೆ ನಮ್ಮ ಡೈರೆಕ್ಟರು ಬಹಳ ಗೌರವದಿಂದ, ಇವತ್ತು ನಿಮ್ಮ ಯಾವ ಹಬ್ಬ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಕನ್ನಡಿ ನೋಡಿದಾಗ ಹಣೆಯ ಮೇಲೆ ಕರಿ ಎಣ್ಣೆಯ ಮೂರು ಗೀರುಗಳು ಅಡ್ಡಡ್ಡವಾಗಿ, ಯಾವ ಸ್ವಾಮಿಗಳೂ ಮೆಚ್ಚುವಂತೆ ಮೂಡಿದ್ದವು. ಅಂದು ನಾನು ಮೀಟಿಂಗಿನಲ್ಲಿ ಮಂಡಿಸಿದ ವಿಷಯ, ನಿಂತುಹೋದ ವ್ಯವಸ್ಥೆಯ ಮೂಲ ಕಾರಣವನ್ನು ಬೇಗ ಕಂಡುಹಿಡಿಯುವುದು ಹೇಗೆ ಎಂಬುದು.

ವೈಜಯಂತಿ ಒಂದು ದಿನ ಸಮಾಧಾನದಿಂದಲೇ ಹೇಳಿದಳು: "ರೀ, ಅಲ್ಲೆ ಬೆಟ್ಟದ ಮ್ಯಾಲೆ ಇಂಥಾ ಗಾಡಿ ಬಾಡಿಗಿಗೆ ಸಿಗ್ತಾವಂತ. ಹೊಸಾವು. ಗುಂಡಿ ಒತ್ತಿದ್ರ ಚಾಲೂ ಆಗ್ತಾವ. ಅಪ್ಪಗ ಹಿಮದಾಗ ಕೂಡೂದದ, ನಿಮ್ಮ ಇಂಜಿನ್ ಮ್ಯಾಲೇನಲ್ಲ." ಇಷ್ಟು ಸರಳವಾದ, ಇಷ್ಟು ವಿವೇಕದ ಮಾತು ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಹುಟ್ಟಿರಲಿಲ್ಲ. ನಾನು ಅದನ್ನು ಅವಮಾನವೆಂದು ತಿಳಿದು ಎರಡು ದಿನ ಮಾತು ಬಿಟ್ಟೆ. ಮಾವನವರಿಗೆ ಇದು ಕೇಳಿಸಿತೋ ಏನೋ. ಮರುದಿನ ಗರಾಜಿನಲ್ಲಿ ಕುರ್ಚಿ ಮಡಿಚುತ್ತಾ, "ಬಿಡ್ರಿ ಅಳಿಯಂದ್ರ. ಏನೋ ಅನಸ್ತು, ಅಂದೆ. ಎಲ್ಲಾ ಆಸೆ ಈಡೇರಬೇಕಂತೇನೂ ಇಲ್ಲ. ನಿಮ್ಮ ಭುಜಾ ನೋಯ್ತದ" ಎಂದರು. ಅವರು ಮಾರ್ಚಿನಲ್ಲಿ ವಾಪಸು ಹೊರಡುವವರು. ಬೆಟ್ಟದ ಮೇಲೆ ಹಿಮವೂ ಕಾಯುತ್ತಾ ಕೂರುವುದಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಗೋಡೆಗೊರಗಿದ್ದನ್ನು ನೋಡಿ, ಏನೂ ಬೇಡದ ಮನುಷ್ಯ ಮತ್ತೆ ಏನೂ ಬೇಡದ ಜಾಗಕ್ಕೆ ಹೋಗಿ ಕುಳಿತರಲ್ಲ, ಅದಕ್ಕೆ ನಾನು ಕಾರಣನಾದೆನಲ್ಲ ಎನಿಸಿತು. ನಾನೇ ಆ ಕುರ್ಚಿಯನ್ನು ಬಿಡಿಸಿ ಡ್ರೈವ್‌ವೇಯಲ್ಲಿ ಹಾಕಿ, "ಮಾವ, ಒಂದೇ ಒಂದು ಸಲ. ನೀವು ಕೂತ್ಕೊಳ್ಳಿ, ನೀವಿಲ್ದೆ ನಂಗೆ ಕೈ ಓಡಲ್ಲ" ಎಂದೆ. ನನಗೇ ಗೊತ್ತಿಲ್ಲದೆ ಬಂದ ಮಾತದು. ಅವರು ಮಂಕಿ ಕ್ಯಾಪ್ ಸರಿಪಡಿಸಿಕೊಂಡು ಕುಳಿತರು.

ಗಾಡಿ ಎದ್ದಿತು. ಎಂದಿನಂತೆ ಸ್ವಲ್ಪ ಓಡಿತು. ಎಂದಿನಂತೆ ಮುಗ್ಗರಿಸತೊಡಗಿತು. ಆಗ ಮಾವನವರು ಎದ್ದು ಬಂದು, "ಒಳಗ ಎಣ್ಣಿ ಅದ ಇಲ್ಲೋ ಕಣ್ಣೀಲೆ ನೋಡೂಣು" ಎನ್ನುತ್ತಾ, ನಾನು ಬೇಡ ಬೇಡ ಎನ್ನುವುದರೊಳಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿಬಿಟ್ಟರು. ಸುಯ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದಾಯಿತು. ಅದರ ಬೆನ್ನಲ್ಲೇ, ಸಾಯಲು ಹೊರಟಿದ್ದ ಇಂಜಿನ್ನು ಸಾವರಿಸಿಕೊಂಡು ಠೀವಿಯಿಂದ ಓಡತೊಡಗಿತು. ನಾವಿಬ್ಬರೂ ಅಲ್ಲಾಡದೆ ನಿಂತೆವು. ಅದು ನಿಲ್ಲಲಿಲ್ಲ. ಮುಚ್ಚಳ ಹಾಕಿದರೆ ಕೆಲ ಹೊತ್ತಿನಲ್ಲಿ ಮುಗ್ಗರಿಸುತ್ತದೆ, ತೆಗೆದರೆ ಓಡುತ್ತದೆ. ನನಗೆ ನಿಧಾನವಾಗಿ ಬೆಳಕಾಯಿತು. ಪೆಟ್ರೋಲು ಹೊರಗೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಟ್ಯಾಂಕಿಗೆ ಒಂದು ಸಣ್ಣ ಉಸಿರಿನ ಕೊಳವೆ ಇರುತ್ತದೆ. ಆ ಕೊಳವೆ ಮುಚ್ಚಿದರೆ ಪೆಟ್ರೋಲು ಟ್ಯಾಂಕಿನಿಂದ ಕದಲುವುದಿಲ್ಲ. ಇಂಜಿನ್ನು ಆರಿಸಿ ಕೊಳವೆಯ ಜಾಡು ಹಿಡಿದು ಹೋದೆ. ಅದು ಬಾನೆಟ್ಟಿನ ಕೆಳಗೆ ಬಂದು, ನಾನು ಜಡೆ ಹಾಕಿ ಬಿಗಿದ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಕತ್ತು ಹಿಸುಕಿಸಿಕೊಂಡು ಚಪ್ಪಟೆಯಾಗಿ ಮಲಗಿತ್ತು. ಮಾವನವರೂ ಬಗ್ಗಿ ನೋಡಿದರು. "ಇದನ್ನ ಹಿಂಗ ಕಟ್ಟಿದವರು ಯಾರು?" ಎಂದು ಕೇಳಿದರು. ನಾನು ನಿಂಬೆ ಗಿಡ ನೋಡುತ್ತಿದ್ದೆ. ಅವರು ಕುರ್ಚಿಗೆ ಹಿಂದಿರುಗುತ್ತಾ, "ಸ್ವಚ್ಛ ಕಟ್ಟ್ಯಾರ" ಎಂದರು. ರಾತ್ರಿ ಊಟಕ್ಕೆ ಕುಳಿತಾಗ ವೈಜಯಂತಿ, ಗಾಡಿಗೆ ಏನಾಗಿತ್ತು ಎಂದು ಕೇಳಿದಳು. ನಾನು ತುತ್ತು ನುಂಗುತ್ತಿರುವಾಗ ಮಾವನವರೇ, "ಉಸರಾಡ್ಲಿಕ್ಕೆ ಜಾಗಾ ಇದ್ದಿದ್ದಿಲ್ಲ. ಈಗ ಅದ" ಎಂದು ಪ್ರಕರಣ ಮುಗಿಸಿದರು.

ಆ ವಾರವೇ ಸುರೇಶನ ಟ್ರೇಲರಿನಲ್ಲಿ ಗಾಡಿ ಹೇರಿಕೊಂಡು ಸಿಯೆರಾ ಬೆಟ್ಟಗಳಿಗೆ ಹೋದೆವು. ಅವನ ಮರದ ಮನೆಯ ಹಿಂದೆ ಅಗಲವಾದ ಬಯಲು, ಅದರಾಚೆ ಪೈನ್ ಮರಗಳು. ಎಲ್ಲದರ ಮೇಲೂ ಹಿಮ ದೋಸೆಹಿಟ್ಟು ಉಬ್ಬಿದಂತೆ ಉಬ್ಬಿ ಕುಳಿತಿತ್ತು. ಎರಡನೆಯ ಎಳೆತಕ್ಕೆ ಇಂಜಿನ್ನು ಎದ್ದಿತು. ನಾನು ಮುಂದೆ, ಮಾವನವರು ಹಿಂದೆ ನನ್ನ ಕೋಟು ಹಿಡಿದುಕೊಂಡು, ಬಯಲಿಗೆ ಎರಡು ಸುತ್ತು ಹಾಕಿದೆವು. ವೈಜಯಂತಿ ಅಂಗಳದಲ್ಲಿ ನಿಂತು ವಿಡಿಯೋ ತೆಗೆದು ಪುಣೆಗೆ ಕಳಿಸಿದಳು; ಅವಳ ಕಣ್ಣು ಒದ್ದೆಯಾಗಿದ್ದು ಚಳಿಗೆ ಎಂದಳು. ಮೂರನೆಯ ಸುತ್ತಿಗೆ ಮುನ್ನ ಮಾವನವರು ನನ್ನ ಬೆನ್ನು ತಟ್ಟಿ ನಿಲ್ಲಿಸಿ, "ನೀವು ಇಳೀರಿ. ನಾ ಒಂದಿಷ್ಟು ಹೊಡೀತೀನಿ" ಎಂದರು. ಬೇಡ ಎನ್ನುವುದು ಹೇಗೆ? ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ಟು ಹಾಕಿಸಿ, ವೇಗದ ಗುಂಡಿ, ಬ್ರೇಕು, ಕೀ ಎಲ್ಲ ತೋರಿಸಿದೆ. ಅವರು ನಡಿಗೆಗಿಂತ ತುಸು ಜೋರಾಗಿ, ನೆಟ್ಟಗೆ ಕುಳಿತು, ಬಯಲು ದಾಟಿ, ತಿರುಗಬೇಕಾದಲ್ಲಿ ತಿರುಗದೆ, ಪೈನ್ ಮರಗಳ ಹಿಂದೆ ಮರೆಯಾದರು. ಬಡಬಡ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು. ಆಮೇಲೆ ನಿಂತಿತು.

ಹಿಮದಲ್ಲಿ ಓಡುವುದು ಎಂಬುದಿಲ್ಲ. ಒಂದು ಕಾಲು ಮೊಣಕಾಲಿನವರೆಗೆ ಹೂಳುತ್ತದೆ, ಅದನ್ನು ಕೀಳುವಷ್ಟರಲ್ಲಿ ಇನ್ನೊಂದು. ನಾನು ರಿಪೇರಿ ಸಾಮಾನಿನ ಚೀಲ ಎದೆಗವಚಿಕೊಂಡು, ಬಿದ್ದೆದ್ದು, ಪ್ಲಗ್ಗು ಇರಬಹುದೇ, ಕೊಳವೆ ಹೆಪ್ಪುಗಟ್ಟಿತೇ, ಗಾಡಿ ಮಗುಚಿ ಅವರು ಕೆಳಗಿದ್ದಾರೆಯೇ ಎಂದು ಕೆಟ್ಟದ್ದನ್ನೆಲ್ಲ ಸಾಲಾಗಿ ಯೋಚಿಸುತ್ತಾ ಮರಗಳನ್ನು ದಾಟಿದೆ. ಅಲ್ಲಿ ಗಾಡಿ ನೆಟ್ಟಗೆ ನಿಂತಿತ್ತು. ಮಾವನವರು ಸೀಟಿನ ಮೇಲೆ ಅಡ್ಡ ಕುಳಿತು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಮಂಕಿ ಕ್ಯಾಪನ್ನು ಕಿವಿಯ ಮೇಲಕ್ಕೆ ಸರಿಸಿಕೊಂಡಿದ್ದರು. ನಾನು ಏದುಸಿರಿನಲ್ಲೇ ಶುರುಮಾಡಿದೆ. "ಏನಾಯ್ತು ಮಾವ? ನಿಲ್ಲೋಕೆ ಮುಂಚೆ ಸೌಂಡು ಚೇಂಜ್ ಆಯ್ತಾ? ಮುಗ್ಗರಿಸ್ತಾ? ಹೊಗೆ ಏನಾದ್ರೂ ಬಂತಾ?"

ಅವರು ಅಂಗೈ ಬಿಚ್ಚಿ ಕೀ ತೋರಿಸಿದರು. "ನಾನೇ ಬಂದ್ ಮಾಡೀನ್ರಿ."

"ಯಾಕೆ?"

"ಹಿಮದಾಗ ಏನೇನೂ ಸಪ್ಪಳ ಇರೂದಿಲ್ಲಂತ. ಅದು ಹೆಂಗಿರ್ತದ ಅಂತ ಕೇಳಬೇಕಿತ್ತು. ಜನ್ಮ ಎಲ್ಲಾ ಕೋರ್ಟಿನಾಗ ಮಂದಿ ಒದರೂದು ಕೇಳೀನಿ."

"ಆದ್ರೆ ಗಾಡಿ ಮೇಲೆ ಹೋಗ್ಬೇಕು ಅಂದಿದ್ರಲ್ಲ ಮಾವ?"

"ಇಷ್ಟು ದೂರ ನಡದು ಬರೂದು ನನಗ ಆಗೂದಿಲ್ಲಲ್ಲ" ಎಂದರು.

ಒಂದು ಚಳಿಗಾಲ ಪೂರ್ತಿ, ಒಂದು ಭುಜ, ಒಂದು ಪರಾತ ಮತ್ತು ಎದುರುಮನೆಯ ಸ್ನೇಹ ಇವಿಷ್ಟನ್ನೂ ವ್ಯಯಿಸಿ ನಾನು ಓಡುವಂತೆ ಮಾಡಿದ ಇಂಜಿನ್ನು, ಆರಿಸಲಿಕ್ಕಾಗಿ ಬೇಕಿತ್ತು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಭ್ಯಾಸಬಲದಿಂದ ಬಾನೆಟ್ಟು ತೆರೆಯಲು ಬಗ್ಗಿದೆ. ಇಷ್ಟು ದೂರ ಬಂದಿದೆ, ಒಮ್ಮೆ ನೋಡಿಬಿಡುವುದು ಒಳ್ಳೆಯದು, ಈ ಚಳಿಯಲ್ಲಿ ಚೋಕು ಅರ್ಧ ಎಳೆದಿಡಬೇಕಾಗಬಹುದು ಎಂದೆಲ್ಲ ವಿವರಿಸತೊಡಗಿದೆ. ಮಾವನವರು ಸೀಟಿನಲ್ಲಿ ಸರಿದು ಜಾಗ ಮಾಡಿದರು.

"ಗಾಡಿ ಬಂದ್ ಆತು. ಇನ್ನ ನೀವೊಬ್ರು ಬಂದ್ ಆಗ್ರಿ" ಎಂದರು.

ನಾನು ಚೀಲ ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತೆ. ದೂರದಲ್ಲಿ ಒಂದು ಕೊಂಬೆಯಿಂದ ಹಿಮ ಜಾರಿ ಸದ್ದಿಲ್ಲದೆ ಉದುರಿತು. ಅವರು ಕಣ್ಣು ಮುಚ್ಚಿದ್ದರು. ಬಹಳ ಹೊತ್ತಾದ ಮೇಲೆ, "ಕೇಳಸ್ತೇನು?" ಎಂದು ಮೆಲ್ಲಗೆ ಕೇಳಿದರು. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ನನಗೆ ಕೇಳಿಸುತ್ತಿದ್ದದ್ದು, ಬಿಸಿ ಇಂಜಿನ್ನು ತಣ್ಣಗಾಗುತ್ತಾ ನಮ್ಮ ಕಾಲಬಳಿ ಟಿಕ್ ಟಿಕ್ ಎನ್ನುವ ಸದ್ದು ಮಾತ್ರ. ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವಿನ ಅಂತರ ಸರಿಯಾಗಿದೆಯೇ ಎಂದು ನಾನಾಗಲೇ ಯೋಚಿಸತೊಡಗಿದ್ದೆ.